ಬಂಡೆ ಬೆಚ್ಚಗಿತ್ತು

ಇವತ್ತು ಬೆಳಿಗ್ಗೆ ಲಾಲ್‌ಬಾಗ್ ಬಂಡೆ ಮೇಲೆ ಒಂದು ಪುಟ್ಟ ಹುಡುಗಿ ಕುಕ್ಕರಗಾಲಲ್ಲಿ ಕೂತು ಎರಡೂ ಅಂಗೈ ಕಲ್ಲಿನ ಮೇಲಿಟ್ಟಳು.
"ತಾತ, ಕಲ್ಲು ಬೆಚ್ಚಗಿದೆ!"

ವಾರಕ್ಕೆ ನಾಲ್ಕು ದಿನ ಈ ಬಂಡೆ ಹತ್ತುತ್ತೇನೆ. ಕಿವಿಯಲ್ಲಿ ಇಯರ್‌ಫೋನ್, ಎಷ್ಟು ಹೆಜ್ಜೆ ಆಯ್ತು ಅನ್ನೋ ಲೆಕ್ಕ. ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ.

ನಾನೂ ಕೂತೆ. ಅಂಗೈ ಇಟ್ಟೆ. ನಿಜ, ಎಳೆಬಿಸಿಲಿಗೆ ಆಗಲೇ ಬೆಚ್ಚಗಾಗಿತ್ತು. ಹತ್ತಿರದಿಂದ ನೋಡಿದರೆ ಬೂದು ಕಲ್ಲಿನೊಳಗೆ ಬಿಳಿ ಪಟ್ಟೆ, ಕಪ್ಪು ಪಟ್ಟೆ, ಬಳುಕಿಕೊಂಡು ಹೋಗಿವೆ. ಒಂದು ಪಟ್ಟೆ ಮೇಲೆ ಬೆರಳಿಟ್ಟು ಸುಮ್ನೆ ಅದರ ಹಿಂದೆಯೇ ಹೋದೆ. ನಡುವೆ ಸಣ್ಣ ಬಿರುಕು. ಅದರಲ್ಲಿ ಚಿಟಿಕೆ ಮಣ್ಣು, ಎರಡೆಳೆ ಹುಲ್ಲು.

ಈ ಕಲ್ಲಿಗೆ ಸುಮಾರು 300 ಕೋಟಿ ವರ್ಷ. ಇದು ಹುಟ್ಟಿದಾಗ ಭೂಮಿ ಮೇಲೆ ಹುಲ್ಲೂ ಇರಲಿಲ್ಲ, ಹಕ್ಕಿಯೂ ಇರಲಿಲ್ಲ. ಮೇಲಿರುವ ಕೆಂಪೇಗೌಡರ ಗೋಪುರ ಇದರ ಪಾಲಿಗೆ ನಿನ್ನೆ ಮೊನ್ನೆಯದು, ಅಲ್ವಾ? ವಯಸ್ಸು ನನಗೆ ಮೊದಲೇ ಗೊತ್ತಿತ್ತು. ಅಂಗೈಗೆ ಗೊತ್ತಾಗಿದ್ದು ಇವತ್ತು.

ರಾತ್ರಿಯಿಡೀ ಕೊರೆಯುತ್ತಿದ್ದ ಚಿಂತೆ ಆ ಹತ್ತು ನಿಮಿಷ ನೆನಪಿಗೇ ಬರಲಿಲ್ಲ. ಎಷ್ಟು ಹಗುರ ಅನಿಸಿತು ಅಂದ್ರೆ, ಕಣ್ಣು ತುಂಬಿ ಬಂತು.

ಎದ್ದಾಗ ಅಂಗೈ ತುಂಬಾ ಕಲ್ಲಿನ ತರಿಯ ಅಚ್ಚು. ಬಸ್ಸಲ್ಲಿ ಕೂತ ಮೇಲೂ ಅದನ್ನೇ ನೋಡ್ತಾ ಇದ್ದೆ.