ಬೇಡ ಎಂದರೂ ಕೇಳಿಸಿಕೊಳ್ಳುವುದು

ಶಾಲೆಯಲ್ಲಿ ನಾನು ಬಾಯಿಪಾಠ ಮಾಡಿದ ವಾಕ್ಯಗಳಲ್ಲಿ ‘ಜೇಮ್ಸ್ ಕುಕ್ 1770ರಲ್ಲಿ ಆಸ್ಟ್ರೇಲಿಯಾದ ಪೂರ್ವ ಕರಾವಳಿಯನ್ನು ಕಂಡುಹಿಡಿದನು’ ಎಂಬುದೂ ಒಂದು. ಬರೆದೆ, ಪೂರ್ಣ ಅಂಕವೂ ಬಂತು. ಹತ್ತಾರು ಸಾವಿರ ವರ್ಷಗಳಿಂದ ಅಲ್ಲಿ ಜನ ಬಾಳಿಕೊಂಡು ಬಂದಿದ್ದಾರೆ ಎಂದು ಆ ಪಾಠ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೂಲನಿವಾಸಿಗಳ ಚರಿತ್ರೆಯನ್ನು ಓದತೊಡಗಿದ ಮೇಲೆ ನನ್ನನ್ನು ಮೊದಲು ಕಾಡಿದ್ದು ಆ ಒಂದು ಕ್ರಿಯಾಪದ. ‘ಕಂಡುಹಿಡಿದನು’ ಎಂದ ಕೂಡಲೇ ಆ ನೆಲ ಅದುವರೆಗೆ ಯಾರದೂ ಆಗಿರಲಿಲ್ಲ ಎಂದಾಗಿಬಿಡುತ್ತದೆ.

ಇದು ಬರೀ ಮಾತಿನ ವಿಚಾರವಲ್ಲ. ಆಸ್ಟ್ರೇಲಿಯಾದ ಭೂಮಿಯ ಕಾನೂನು ಸುಮಾರು 200 ವರ್ಷ ಇದೇ ಎಣಿಕೆಯ ಮೇಲೆ ನಿಂತಿತ್ತು. ಮೇರ್ ಎಂಬ ಪುಟ್ಟ ದ್ವೀಪದ ಎಡ್ಡಿ ಮಾಬೊ ಮತ್ತು ಅವರ ಜೊತೆಯವರು 1982ರಲ್ಲಿ ದಾವೆ ಹೂಡಿ, ತಮ್ಮ ತೋಟಗಳು ತಲೆಮಾರುಗಳಿಂದ ತಮ್ಮವೇ ಎಂದು ವಾದಿಸಿದರು. ಅಲ್ಲಿನ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್ ಅದನ್ನು ಒಪ್ಪಿದ್ದು 1992ರ ಜೂನ್ 3ರಂದು. ಮಾಬೊ ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದರು.

ಒಪ್ಪಂದ ಮಾಡಿಕೊಂಡ ಕಡೆಗಳಲ್ಲಾದರೂ ನ್ಯಾಯ ಸಿಕ್ಕಿರಬೇಕು ಎಂದು ನಾನು ಭಾವಿಸಿದ್ದೆ. ನ್ಯೂಜಿಲೆಂಡಿನ ವೈತಂಗಿ ಒಪ್ಪಂದವನ್ನು ಓದಿದ ಮೇಲೆ ಆ ಭಾವನೆ ಉಳಿಯಲಿಲ್ಲ. ಅಲ್ಲಿನ ಮೂಲನಿವಾಸಿಗಳಾದ ಮಾವೋರಿ ಜನರ ಮುಖ್ಯಸ್ಥರು 1840ರ ಫೆಬ್ರವರಿ 6ರಂದು ಸಹಿ ಹಾಕತೊಡಗಿದ ಆ ಪತ್ರವನ್ನು ಪಾದ್ರಿ ಹೆನ್ರಿ ವಿಲಿಯಮ್ಸ್ ಮತ್ತು ಅವರ ಮಗ ಒಂದೇ ರಾತ್ರಿಯಲ್ಲಿ ಮಾವೋರಿ ಭಾಷೆಗೆ ತಂದಿದ್ದರು. ಇಂಗ್ಲಿಷ್ ಪ್ರತಿಯಲ್ಲಿ ಮುಖ್ಯಸ್ಥರು ಬ್ರಿಟನ್ನಿನ ರಾಣಿಗೆ ಸಾರ್ವಭೌಮತ್ವವನ್ನೇ ಒಪ್ಪಿಸುತ್ತಾರೆ. ಮಾವೋರಿ ಪ್ರತಿಯಲ್ಲಿ ಆ ಜಾಗದಲ್ಲಿರುವುದು ‘ಕಾವನತಂಗ’, ಅಂದರೆ ಗವರ್ನರ್ ಎಂಬ ಪದದಿಂದಲೇ ಹುಟ್ಟಿದ, ಆಡಳಿತ ನೋಡಿಕೊಳ್ಳುವುದು ಎಂಬಷ್ಟೇ ಅರ್ಥದ ಮಾತು. ಅಷ್ಟೇ ಅಲ್ಲ, ಮುಂದಿನ ಕಲಮಿನಲ್ಲಿ ನೆಲ, ಹಳ್ಳಿ ಮತ್ತು ತಾವು ಅಮೂಲ್ಯವೆಂದು ಕಾಪಾಡಿಕೊಂಡು ಬಂದ ಎಲ್ಲದರ ಮೇಲೂ ‘ತಿನೊ ರಂಗತಿರತಂಗ’, ಎಂದರೆ ಮುಖ್ಯಸ್ಥರ ಪೂರ್ಣ ಅಧಿಕಾರ, ಅವರಲ್ಲೇ ಉಳಿಯುತ್ತದೆ ಎಂದು ಬರೆದಿದೆ. ಸಹಿ ಹಾಕಿದ 500ಕ್ಕೂ ಹೆಚ್ಚು ಮುಖ್ಯಸ್ಥರಲ್ಲಿ ಬಹುಪಾಲು ಜನ ಸಹಿ ಮಾಡಿದ್ದು ಮಾವೋರಿ ಪ್ರತಿಗೆ. ಮುಂದೆ ಸರ್ಕಾರ ನಡೆದುಕೊಂಡಿದ್ದು ಇಂಗ್ಲಿಷ್ ಪ್ರತಿಯಂತೆ. ಒಂದು ಭಾಷೆಯನ್ನೇ ಉಸಿರಾಡಿ ಬದುಕುವ ನನಗೆ, ಮನೆಮಾತಿನಲ್ಲಿ ಓದಿ ಸಹಿ ಹಾಕಿದ್ದಕ್ಕೆ ಇನ್ನೊಂದು ಮಾತಿನಲ್ಲಿ ಬೇರೆಯೇ ಅರ್ಥವಿತ್ತು ಎಂದು ತಿಳಿದಾಗ ಆಗಬಹುದಾದ ಸಂಕಟ ಸುಲಭವಾಗಿ ಮನಸ್ಸಿಗೆ ಬರುತ್ತದೆ. ಈ ದೂರುಗಳನ್ನು ವಿಚಾರಿಸಲು ನ್ಯಾಯಮಂಡಳಿಯೊಂದು ರಚನೆಯಾದದ್ದು 1975ರಲ್ಲಿ. 1840ರಷ್ಟು ಹಿಂದಿನ ಅನ್ಯಾಯವನ್ನೂ ಪರಿಶೀಲಿಸುವ ಅಧಿಕಾರ ಅದಕ್ಕೆ ದೊರೆತದ್ದು 1985ರಲ್ಲಿ.

ವಿಶ್ವಸಂಸ್ಥೆ 2007ರ ಸೆಪ್ಟೆಂಬರ್ 13ರಂದು ಅಂಗೀಕರಿಸಿದ ಮೂಲನಿವಾಸಿಗಳ ಹಕ್ಕುಗಳ ಘೋಷಣೆಯ ಪರವಾಗಿ 144 ದೇಶಗಳು ಮತ ಹಾಕಿದವು. ವಿರೋಧಿಸಿದ ನಾಲ್ಕು ದೇಶಗಳು ಆಸ್ಟ್ರೇಲಿಯಾ, ಕೆನಡಾ, ನ್ಯೂಜಿಲೆಂಡ್ ಮತ್ತು ಅಮೆರಿಕ. ನಂತರದ ವರ್ಷಗಳಲ್ಲಿ ಅವೂ ಬೆಂಬಲಕ್ಕೆ ಬಂದವು. ಆ ಜನರ ನೆಲದಲ್ಲಿ ಏನನ್ನಾದರೂ ಕೈಗೆತ್ತಿಕೊಳ್ಳುವ ಮೊದಲು ಅವರ ಒಪ್ಪಿಗೆ ಪಡೆಯಲು ಪ್ರಾಮಾಣಿಕವಾಗಿ ಸಮಾಲೋಚಿಸಬೇಕು, ಆ ಒಪ್ಪಿಗೆ ಬಲವಂತವಿಲ್ಲದ್ದು, ಮುಂಚಿತವಾದದ್ದು ಮತ್ತು ಎಲ್ಲವನ್ನೂ ತಿಳಿದು ಕೊಟ್ಟದ್ದು ಆಗಿರಬೇಕು ಎನ್ನುತ್ತದೆ ಆ ಘೋಷಣೆ. ಇದರಲ್ಲಿ ನನಗೆ ಅತಿ ಮುಖ್ಯವೆಂದು ತೋರುವುದು ‘ಮುಂಚಿತ’ ಎಂಬ ಮಾತು. ನಕ್ಷೆ ಸಿದ್ಧಪಡಿಸಿ, ಯಂತ್ರ ತರಿಸಿ, ಆಮೇಲೆ ಸಭೆ ಕರೆದು ಅಭಿಪ್ರಾಯ ಕೇಳಿದರೆ ಅದು ತಿಳಿವಳಿಕೆ ಪತ್ರವೇ ಹೊರತು ಒಪ್ಪಿಗೆ ಕೇಳಿದಂತಲ್ಲ. ಬೇಡ ಎನ್ನಲು ಜಾಗವೇ ಇಲ್ಲದ ಕಡೆ ಹೂಂ ಎಂಬುದಕ್ಕೆ ಬೆಲೆಯಿಲ್ಲ.

ಸಾಮಾನ್ಯ ಜನರ ನಡುವಿನ ಸಂಬಂಧಕ್ಕೂ ಈ ಮಾತು ಸಲ್ಲುತ್ತದೆ. ಆಸ್ಟ್ರೇಲಿಯಾದ ನಡುನಾಡಿನ ಕೆಂಪು ಬಂಡೆ ಉಲುರು ಅದರ ಒಡೆಯರಾದ ಅನಂಗು ಜನರಿಗೆ ಕಾಗದದ ಮೇಲೆ ಮರಳಿದ್ದು 1985ರ ಅಕ್ಟೋಬರ್ 26ರಂದು. ಅದೇ ದಿನ ಅವರು ಅದನ್ನು 99 ವರ್ಷಗಳ ಗುತ್ತಿಗೆಗೆ ರಾಷ್ಟ್ರೀಯ ಉದ್ಯಾನಕ್ಕೆ ಕೊಟ್ಟರು, ಆದ್ದರಿಂದ ಪ್ರವಾಸಿಗರು ಏರುವುದೂ ನಿಲ್ಲಲಿಲ್ಲ. ಆ ದಾರಿ ತಮ್ಮ ಪೂರ್ವಿಕರು ನಡೆದ ಪವಿತ್ರ ದಾರಿ, ದಯವಿಟ್ಟು ಹತ್ತಬೇಡಿ ಎಂಬ ಅನಂಗು ಜನರ ವಿನಂತಿಯ ಫಲಕ ಬಂಡೆಯ ಬುಡದಲ್ಲೇ ಇತ್ತು. ಅದರ ಪಕ್ಕದಲ್ಲೇ ಸರಪಳಿ ಹಿಡಿದು ಜನ ಮೇಲೇರುತ್ತಿದ್ದರು. ವರ್ಷಗಳ ಅವಧಿಯಲ್ಲಿ ಈ ಬಂಡೆ ಏರಲು ಹೋದ 35ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ತಮ್ಮ ನೆಲಕ್ಕೆ ಬಂದವರು ಹೀಗೆ ಸತ್ತಾಗ ಅನಂಗು ಜನ ದುಃಖಪಟ್ಟರು, ಏಕೆಂದರೆ ಬಂದವರ ಕ್ಷೇಮ ತಮ್ಮ ಹೊಣೆ ಎಂದು ಅವರು ತಿಳಿದಿದ್ದರು. ತಮ್ಮ ಮಾತು ಮೀರಿದವರಿಗಾಗಿಯೂ ಅವರು ಅತ್ತರು ಎಂಬುದನ್ನು ಓದಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಭೂಮಿ ಮರಳಿಸಿದ ದಿನದಿಂದ ಸರಿಯಾಗಿ 34 ವರ್ಷಗಳಾದ ಮೇಲೆ, 2019ರ ಅಕ್ಟೋಬರ್ 26ರಿಂದ, ಏರುವುದನ್ನು ನಿಷೇಧಿಸಲಾಯಿತು. ಅದರ ಹಿಂದಿನ ದಿನ ಬಂಡೆಯ ಬುಡದಲ್ಲಿ ನೂರಾರು ಜನ ಸಾಲುಗಟ್ಟಿ ನಿಂತಿದ್ದರು. ಆ ಮೇಲೆ ಸರಪಳಿಯನ್ನೂ ಅದರ ಕಂಬಗಳನ್ನೂ ಕಿತ್ತು ಕೆಳಗಿಳಿಸಿದರು.