ಯಾವ ಸ್ಪಿಟ್‌ಫೈರ್ ಅಂತ ಮೊದಲು ಕೇಳಿ

ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್‌ನ ಮಾಡೆಲ್ ಮಾಡೋಕೆ ಯಾವ ಕಂಪನಿ ಕಿಟ್ ಒಳ್ಳೆಯದು ಅಂತ ಯಾರಾದರೂ ಕೇಳಿದರೆ ನಾನೀಗ ಕಂಪನಿ ಹೆಸರು ಹೇಳುವುದಿಲ್ಲ. ಯಾವ ಮಾರ್ಕ್ (ಅಂದರೆ ವಿಮಾನದ ಎಷ್ಟನೇ ಮಾದರಿ), ಯಾವ ಸ್ಕ್ವಾಡ್ರನ್ (ವಾಯುಪಡೆಯ ತುಕಡಿ), ಫೋಟೋ ಇದೆಯಾ ಅಂತ ವಾಪಸ್ ಕೇಳುತ್ತೇನೆ. ಹೀಗೆ ಕೇಳೋದನ್ನು ಕಲಿಸಿದ್ದು ಹೋದ ಮಳೆಗಾಲದ ಒಂದು ಜಾಬ್. ಅದನ್ನು ನೆನೆಸಿಕೊಂಡರೆ ಇವತ್ತಿಗೂ ಕೈ ಬೆವರುತ್ತದೆ.

ನಾನಿರೋದು ಮಡಿಕೇರಿಯ ಒಂದು ಡಿಸ್‌ಪ್ಲೇ ವರ್ಕ್‌ಶಾಪ್‌ನಲ್ಲಿ. ಅಕ್ರಿಲಿಕ್ ಬಾಕ್ಸ್, ನೇಮ್ ಬೋರ್ಡ್, ಕೊಡವ ಕುಟುಂಬಗಳ ಮೂಲಮನೆಯಾದ ಐನ್‌ಮನೆ ಮಾಡೆಲ್, ಕಾಫಿ ಪಲ್ಪಿಂಗ್ ಯಾರ್ಡ್ ಮಾಡೆಲ್ ನಮ್ಮ ದಿನನಿತ್ಯದ ಕೆಲಸ. ಕೊಡಗು ಅಂದಮೇಲೆ ಸೇನೆ ಇಲ್ಲದ ಮನೆ ಕಮ್ಮಿ. ಹಾಗಾಗಿ ಟ್ಯಾಂಕು, ವಿಮಾನದ ಆರ್ಡರೂ ಬರುತ್ತಿರುತ್ತವೆ. ಈ ಸಲ ಬಂದಿದ್ದು ನಾಪೋಕ್ಲು ಕಡೆಯ ಒಂದು ಕುಟುಂಬದಿಂದ. ಅವರ ತಂದೆ ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆ ನಮ್ಮ ವಾಯುಪಡೆಯ 8ನೇ ಸ್ಕ್ವಾಡ್ರನ್‌ನಲ್ಲಿ ಎಂಜಿನ್ ಫಿಟ್ಟರ್ ಆಗಿದ್ದವರಂತೆ. ಮಗನೂ ಏರ್‌ಫೋರ್ಸ್‌ನಲ್ಲೇ ಟೆಕ್ನಿಷಿಯನ್ ಆಗಿ ನಿವೃತ್ತರಾದವರು. ಅಪ್ಪ ಕೈಯಾಡಿಸಿದ ವಿಮಾನ ಐನ್‌ಮನೆಯ ನಡುಬಾಡೆಯಲ್ಲಿ, ಅಂದರೆ ನಡುಮನೆಯಲ್ಲಿ, ಇರಬೇಕು, ಕೊಡವರ ಆಯುಧ ಹಬ್ಬ ಕೈಲ್‌ಪೊಳ್ದ್‌ಗೆ ಕುಟುಂಬದವರೆಲ್ಲ ಸೇರುವಾಗ ಅಲ್ಲಿ ಇಟ್ಟಿರಬೇಕು ಅಂತ ಅವರ ಆಸೆ.

ಆರ್ಡರ್ ಹಿಡಿದದ್ದು ನಮ್ಮ ಮ್ಯಾನೇಜರ್, ಫೋನಿನಲ್ಲಿ. ಜಾಬ್ ಕಾರ್ಡ್‌ನಲ್ಲಿ ಬರೆದದ್ದು ಇಷ್ಟೇ: ಸ್ಪಿಟ್‌ಫೈರ್, 1/48 ಅಳತೆ, ಗ್ಲಾಸ್ ಕೇಸ್, ತಳಕ್ಕೆ ಕನ್ನಡಿ. ಕಿಟ್ ತರಿಸಿದ್ದೂ ಅವರೇ. ಟಮಿಯಾದ ಮಾರ್ಕ್ 1, ಅದೂ 2018ರಲ್ಲಿ ಬಂದ ಹೊಸ ಅಚ್ಚಿನದು.

ಆ ಕಿಟ್ ಬಗ್ಗೆ ಒಂದು ಕೆಟ್ಟ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ಡ್ರೈ ಫಿಟ್ ಮಾಡುವಾಗಲೇ ಗೊತ್ತಾಗುತ್ತದೆ, ರೆಕ್ಕೆ ಬಾಡಿಗೆ ತಾಗಿದ ಕಡೆ ಪುಟ್ಟಿ ಬೇಕಾಗುವುದೇ ಇಲ್ಲ. ಬಟ್ಟೆ ಹೊದಿಸಿದ ರಡ್ಡರ್ ಬಟ್ಟೆಯ ಹಾಗೇ ಕಾಣುತ್ತದೆ, ಉಬ್ಬು ಜಾಸ್ತಿ ಇಲ್ಲ. ಕಾಕ್‌ಪಿಟ್ ಕೂರಿಸಿ ಎರಡು ಹೋಳು ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದೆ. ಅಷ್ಟರಲ್ಲಿ ಆ ನಿವೃತ್ತ ಟೆಕ್ನಿಷಿಯನ್ ಹಿರಿಯರು ಒಂದು ಫೋಟೋ ಹಿಡಿದುಕೊಂಡು ವರ್ಕ್‌ಶಾಪ್‌ಗೆ ಬಂದರು.

ಅಂಗೈಯಷ್ಟು ಫೋಟೋ. ನಮ್ಮೂರ ಮಳೆಗೆ ಒಂದು ಮೂಲೆ ಪೂರ್ತಿ ಬೂಷ್ಟು ಹಿಡಿದಿತ್ತು. ಅವರ ಅಪ್ಪ ವಿಮಾನದ ಮೂತಿ ಮುಂದೆ ಶರ್ಟ್ ತೋಳು ಮಡಚಿ ನಿಂತಿದ್ದಾರೆ. ಪ್ರೊಪೆಲ್ಲರಿನ ಎರಡೇ ಬ್ಲೇಡ್ ಕಾಣುತ್ತವೆ. ಒಂದು ನೆಟ್ಟಗೆ ಮೇಲಕ್ಕೆ, ಇನ್ನೊಂದು ಪಕ್ಕಕ್ಕೆ. ಉಳಿದದ್ದು ಅವರ ಭುಜದ ಹಿಂದೆ. ನಾನು ಲೆನ್ಸ್ ಇಟ್ಟು ನೋಡುತ್ತಾ ಸುಮ್ಮನೆ ಕೂತುಬಿಟ್ಟೆ. ಆ ಎರಡು ಬ್ಲೇಡ್ ನಡುವೆ ಮೂಲೆಮಟ್ಟ ಇಟ್ಟರೆ ಸರಿಯಾಗಿ ಕೂರುತ್ತದೆ. ಅಂದರೆ 90 ಡಿಗ್ರಿ. ಮೂರು ಬ್ಲೇಡ್ ಆಗಿದ್ದರೆ 120 ಬರಬೇಕು, ಐದಾಗಿದ್ದರೆ 72. ಇದು ನಾಲ್ಕು ಬ್ಲೇಡಿನ ವಿಮಾನ. ನನ್ನ ಟೇಬಲ್ ಮೇಲೆ ರಬ್ಬರ್ ಬ್ಯಾಂಡ್ ಹಾಕಿಕೊಂಡು ಕೂತಿರೋದು ಮೂರು ಬ್ಲೇಡಿನದು.

8ನೇ ಸ್ಕ್ವಾಡ್ರನ್‌ಗೆ 1944ರಲ್ಲಿ ಬಂದದ್ದು ಸ್ಪಿಟ್‌ಫೈರ್ ಮಾರ್ಕ್ 8. ನಮ್ಮ ವಾಯುಪಡೆಯಲ್ಲಿ ಸ್ಪಿಟ್‌ಫೈರ್ ಹಾರಿಸಿದ ಮೊದಲ ಸ್ಕ್ವಾಡ್ರನ್ ಅದೇ. ಮಾರ್ಕ್ 1 ಅಂದರೆ 1940ರಲ್ಲಿ ಇಂಗ್ಲೆಂಡಿನ ಆಕಾಶದಲ್ಲಿ ಜರ್ಮನರ ಜೊತೆ ಕಾದಾಡಿದ್ದು. ಹೆಸರು ಒಂದೇ, ವಿಮಾನ ಬೇರೆ.

ಮ್ಯಾನೇಜರ್‌ಗೆ ಹೇಳಿದೆ. "ಇನ್ನೊಂದು ಬ್ಲೇಡ್ ಅಂಟಿಸಿದರೆ ಆಯ್ತಲ್ಲ ಮಾರಾಯ, ಐನ್‌ಮನೇಲಿ ಯಾರು ಎಣಿಸ್ತಾರೆ?" ಅಂದರು. ಇಂಥ ಮಾತು ಕೇಳಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಬ್ಲೇಡ್ ಒಂದರ ಪ್ರಶ್ನೆ ಅಲ್ಲವೇ ಅಲ್ಲ. ಮಾರ್ಕ್ 8ರಲ್ಲಿ ಇರೋದು ಗಾಳಿ ಒತ್ತಿ ತುಂಬುವ ಎರಡು ಹಂತದ ಸೂಪರ್‌ಚಾರ್ಜರ್ ಇರುವ ಮರ್ಲಿನ್ ಎಂಜಿನ್. ಅದಕ್ಕೆ ಮೂತಿ ಉದ್ದ. ಗಾಳಿಯನ್ನು ಅಷ್ಟು ಒತ್ತಿದರೆ ಬಿಸಿ ಏರುತ್ತದೆ, ಅದನ್ನು ತಣಿಸಬೇಕು. ಆದ್ದರಿಂದ ಎರಡೂ ರೆಕ್ಕೆಯ ಕೆಳಗೆ ಒಂದೊಂದು ದೊಡ್ಡ ರೇಡಿಯೇಟರ್ ಪೆಟ್ಟಿಗೆ ಬಂತು. ಮಾರ್ಕ್ 1ರಲ್ಲಿ ಬಲಗಡೆ ಮಾತ್ರ ರೇಡಿಯೇಟರ್, ಎಡಗಡೆ ಸಣ್ಣ ಆಯಿಲ್ ಕೂಲರ್. ಜೊತೆಗೆ ಮಾರ್ಕ್ 8ರ ಬಾಲದ ಚಕ್ರ ಒಳಗೆ ಮಡಚಿಕೊಳ್ಳುತ್ತದೆ, ಮಾರ್ಕ್ 1ರಲ್ಲಿ ಹೊರಗೇ ಇರುತ್ತದೆ. ಒಟ್ಟು ಉದ್ದದಲ್ಲಿ ಸುಮಾರು 40 ಸೆಂಟಿಮೀಟರ್ ವ್ಯತ್ಯಾಸ. 1/48ಕ್ಕೆ ಇಳಿಸಿದರೆ 8 ಮಿಲಿಮೀಟರಿಗಿಂತ ಜಾಸ್ತಿ, ಕಣ್ಣಿಗೆ ಹೊಡೆದು ಕಾಣುತ್ತದೆ.

ಅದರ ಮೇಲೆ ಜಾಬ್ ಕಾರ್ಡ್‌ನಲ್ಲೇ ಇತ್ತಲ್ಲ, ತಳಕ್ಕೆ ಕನ್ನಡಿ! ವಿಮಾನದ ಹೊಟ್ಟೆ ಪೂರ್ತಿ ಕನ್ನಡಿಯಲ್ಲಿ ಕಾಣುತ್ತದೆ. ನೋಡಲು ಬರುವವರಲ್ಲಿ ಅರ್ಧ ಜನ ಸರ್ವಿಸ್ ಮಾಡಿ ಬಂದವರು. ಯಾರು ಎಣಿಸುತ್ತಾರೆ ಅಂತ ಕೇಳುವ ಹಾಗೇ ಇರಲಿಲ್ಲ.

ಹೊಸ ಕಿಟ್ ತರಿಸಲೇಬೇಕು ಅಂತ ಆದಮೇಲೆ ಹೋಲಿಕೆ ಶುರುವಾಯಿತು. ಈ ಸಲ ಮಾರ್ಕ್ 8 ಬಿಟ್ಟು ಬೇರೆ ಏನನ್ನೂ ತರಿಸಬಾರದು ಅಂತ ತೀರ್ಮಾನ ಮಾಡಿದ್ದೆ. ಏರ್‌ಫಿಕ್ಸ್‌ನ ಮಾರ್ಕ್ 5 ಅಂಗಡಿಯಲ್ಲಿ ಕೈಗೆ ಸಿಗುವ ಹಾಗಿತ್ತು, ರೇಟೂ ಕಮ್ಮಿ. ಹೊಸದಾಗಿ ಕಲಿಯುವ ಹುಡುಗರಿಗೆ ನಾನೇ ಅದನ್ನು ಹೇಳುತ್ತೇನೆ. ಪ್ಯಾನಲ್ ಗೆರೆ ಸ್ವಲ್ಪ ಆಳ ಅನ್ನಿಸುತ್ತದೆ, ಬಣ್ಣ ಬಿದ್ದಮೇಲೆ ತಡೆಯುತ್ತದೆ. ಆದರೆ ಅದೂ ನಮಗೆ ಬೇಕಾದ ಮಾರ್ಕ್ ಅಲ್ಲ. ಹಸೆಗಾವದಲ್ಲಿ ಮಾರ್ಕ್ 8 ಇದೆ. ಜೋಡಿಸೋದು ಸಲೀಸು. ಆದರೆ ಕಾಕ್‌ಪಿಟ್‌ನಿಂದ ಹಿಂದಕ್ಕೆ ಬಾಡಿ ಗಿಡ್ಡ. ಒಮ್ಮೆ ಅದು ಕಣ್ಣಿಗೆ ಬಿದ್ದರೆ ಆಮೇಲೆ ಬೇರೇನೂ ಕಾಣುವುದಿಲ್ಲ. ಉಕ್ರೇನಿನ ಐಸಿಎಂ ಕಿಟ್‌ನಲ್ಲಿ ಎಂಜಿನ್ ಕೂಡ ಕೊಡುತ್ತಾರೆ. ಎಂಜಿನ್ ಫಿಟ್ಟರ್ ಮನೆಗೆ ಹೋಗುವ ಮಾಡೆಲ್, ಕೌಲಿಂಗ್ (ಎಂಜಿನ್ ಮುಚ್ಚಳ) ತೆಗೆದು ಎಂಜಿನ್ ತೋರಿಸೋಣವಾ ಅಂತ ನನಗೆ ತುಂಬಾ ಆಸೆಯಾಗಿತ್ತು. ಆದರೆ ಅದನ್ನು ಒಂದಕ್ಕೊಂದು ಕೂರಿಸಲು ಪುಟ್ಟಿ, ಉಜ್ಜೋದು, ಮತ್ತೆ ಪುಟ್ಟಿ. ಕೈಲ್‌ಪೊಳ್ದ್ ಸೆಪ್ಟೆಂಬರ್ ಮೊದಲ ವಾರ. ಸಮಯ ಇರಲಿಲ್ಲ.

ಕೊನೆಗೆ ಉಳಿದದ್ದು ಎಡ್ವಾರ್ಡ್. ಜೆಕ್ ದೇಶದ್ದು. ಇಡೀ ಮೈಮೇಲೆ ರಿವೆಟ್ ಸಾಲು, ಬಣ್ಣ ಹಾಕಿದ ತೆಳು ಲೋಹದ ಹಾಳೆಯಲ್ಲಿ ಕೊರೆದ ಮೀಟರ್ ಪ್ಯಾನಲ್, ಕ್ಯಾನೊಪಿಗೆ ಕತ್ತರಿಸಿದ ಮಾಸ್ಕ್. ಚೆಂದ ಅಂದರೆ ಚೆಂದವೇ. ಆದರೆ ಟಮಿಯಾ ಜೋಡಿಸಿದ ಕೈಗೆ ಇದು ಕಷ್ಟ. ಮೇಲಿನ ಕೌಲಿಂಗ್ ಎಡ–ಬಲ ಎರಡು ತುಂಡು. ಸೀಮ್ ನಟ್ಟನಡುವೆ ಬರುತ್ತದೆ. ಅದನ್ನು ಉಜ್ಜಿದರೆ ಪಕ್ಕದ ರಿವೆಟ್ ಹೋಗುತ್ತವೆ, ಉಜ್ಜದೆ ಬಿಟ್ಟರೆ ಗೆರೆ ಉಳಿಯುತ್ತದೆ. ನಾನು ಎರಡೂ ಬದಿಗೆ ಟೇಪ್ ಕಟ್ಟಿ, ನಡುವಿನ ಅಷ್ಟೇ ಅಷ್ಟು ಜಾಗವನ್ನು ಸ್ಪಂಜ್ ಪೇಪರ್‌ನಲ್ಲಿ ತೇವ ಮಾಡಿ ಉಜ್ಜಿದೆ. ಹೋದ ರಿವೆಟ್‌ಗಳನ್ನು ಸೂಜಿಯಲ್ಲಿ ಒಂದೊಂದಾಗಿ ಚುಚ್ಚಿದೆ. ವೀಲ್ ವೆಲ್ (ಚಕ್ರ ಮಡಚಿ ಕೂರುವ ಗುಂಡಿ) ಗೋಡೆ ತುಂಡುತುಂಡು, ಒಂದು ಸ್ವಲ್ಪ ಹೊರಗೆ ಕೂತರೂ ರೆಕ್ಕೆ ಮುಚ್ಚುವುದಿಲ್ಲ. ಇಷ್ಟೆಲ್ಲ ಇದ್ದರೂ ಬಾಡಿಯ ಆಕಾರ ಸರಿ, ಹೊಟ್ಟೆ ಸರಿ, ಬಾಲದ ಚಕ್ರ ಸರಿ. ಕನ್ನಡಿ ಮೇಲೆ ಇಟ್ಟರೆ ತಲೆ ತಗ್ಗಿಸಬೇಕಾಗಿಲ್ಲ. ನನಗೆ ಬೇಕಾದದ್ದು ಅದೇ.

ಬಣ್ಣದ ವಿಷಯಕ್ಕೆ ಬಂದರೆ, ಆ ಮನೆಯ ಮೊಮ್ಮಗ ಕೇಸರಿ–ಬಿಳಿ–ಹಸಿರು ವೃತ್ತ ಹಾಕಿ ಅಂದ. ಅದು ಸ್ವಾತಂತ್ರ್ಯದ ನಂತರ ಬಂದದ್ದು. ಬರ್ಮಾ ಕಡೆ ವೃತ್ತದಲ್ಲಿ ಕೆಂಪು ಇರುವಂತೆಯೇ ಇರಲಿಲ್ಲ. ಜಪಾನಿನ ವಿಮಾನದ ಮೇಲೆ ಕೆಂಪು ಸೂರ್ಯ ಇರುತ್ತಿತ್ತು, ನಮ್ಮವರೇ ನಮ್ಮವರಿಗೆ ಗುಂಡು ಹೊಡೆಯಬಾರದಲ್ಲ. ಹಾಗಾಗಿ ಕಡು ನೀಲಿ, ಒಳಗೆ ತಿಳಿ ನೀಲಿ. ಗುರುತಿಗೆ ರೆಕ್ಕೆ, ಬಾಲಕ್ಕೆ ಬಿಳಿ ಪಟ್ಟಿ. ಫೋಟೋದಲ್ಲೂ ರೆಕ್ಕೆಯ ಪಟ್ಟಿ ಅರ್ಧ ಕಾಣುತ್ತಿತ್ತು. ಡಿಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಚಿತ್ರ) ಬದಲು ಸರ್ಕಲ್ ಕಟರ್‌ನಲ್ಲಿ ಮಾಸ್ಕ್ ಕತ್ತರಿಸಿ ಸ್ಪ್ರೇ ಮಾಡಿದೆ. ಸೀರಿಯಲ್ ನಂಬರ್ ಮಾತ್ರ ಹಾಕಲಿಲ್ಲ. ಫೋಟೋದಲ್ಲಿ ಮೂತಿ ಬಿಟ್ಟರೆ ಬಾಡಿ ಇಲ್ಲ. ಯಾವುದೋ ಒಂದು ನಂಬರ್ ಹಾಕಿದರೆ ಅದು ಬೇರೆ ಯಾರದೋ ವಿಮಾನ ಆಗುತ್ತದೆ. ಮ್ಯಾನೇಜರ್‌ಗೆ ಖಾಲಿ ಕಾಣುತ್ತೆ ಅನ್ನಿಸಿತು. ಹಿರಿಯರನ್ನು ಕೇಳಿದೆ. "ಗೊತ್ತಿಲ್ಲದ್ದು ಬರೀಬೇಡಿ" ಅಂದರು. ಅಲ್ಲಿಗೆ ಆ ವಾದ ಮುಗಿಯಿತು.

ಇನ್ನು ಉಳಿದದ್ದು ಹೊಳಪು ತೆಗೆಯುವ ಕೊನೆಯ ಲೇಪ, ಮ್ಯಾಟ್ ಕೋಟ್ ಒಂದೇ. ಆಗಸ್ಟ್ ಕೊನೆ. ಬೆಳಗ್ಗಿಂದ ಹೊಡೆಯುತ್ತಿದ್ದ ಮಳೆ ಸಂಜೆ ನಿಂತಿತು. ನಿಂತಿದೆ, ಈಗಲೇ ಹೊಡೆದುಬಿಡೋಣ ಅಂತ ತೀರ್ಮಾನ ಮಾಡಿದ್ದು ನಾನು. ಮಳೆ ನಿಂತರೂ ಗಾಳಿ ಒದ್ದೆಯೇ ಇರುತ್ತದೆ ಅನ್ನೋದು ಮಡಿಕೇರಿಯಲ್ಲಿ ಬಟ್ಟೆ ಒಣಗಿಸುವ ಎಲ್ಲರಿಗೂ ಗೊತ್ತು. ಲ್ಯಾಕರ್ ಹೊಡೆದೆ. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲೇ ಕೂರುತ್ತದೆ. ನನ್ನ ಕಣ್ಣೆದುರೇ ಎಡ ರೆಕ್ಕೆಯ ಕಡು ಹಸಿರು ಬಿಳಿಚಿಕೊಳ್ಳುತ್ತಾ ಬಂತು. ಮೊದಲು ಅಂಚಿನಲ್ಲಿ, ಆಮೇಲೆ ನೀಲಿ ವೃತ್ತದ ಮೇಲೆ. ಒಂದೆರಡು ನಿಮಿಷದಲ್ಲಿ ಇಡೀ ರೆಕ್ಕೆ ಮಂಜು ಮುಸುಕಿದ ತೋಟದ ಹಾಗಾಯಿತು. ಅದೇ ಹೊತ್ತಿಗೆ ಕರೆಂಟ್ ಹೋಯಿತು.

ಬ್ಲಶ್ ಆದರೆ, ಅಂದರೆ ಹೀಗೆ ಬಿಳಿಚಿಕೊಂಡರೆ, ಏನು ಮಾಡಬೇಕು ಅಂತ ಗೊತ್ತಿತ್ತು. ರಿಟಾರ್ಡರ್ ಬೆರೆಸಿದ ಥಿನ್ನರನ್ನು ತೆಳ್ಳಗೆ ಹೊಡೆದರೆ ಲ್ಯಾಕರ್ ಮತ್ತೆ ಕರಗುತ್ತದೆ, ನಿಧಾನ ಆರುತ್ತದೆ, ತೇವ ಹೊರಗೆ ಹೋಗುತ್ತದೆ. ಆದರೆ ಕಂಪ್ರೆಸರ್ ಸತ್ತಿದೆ. ಟ್ಯಾಂಕ್‌ನಲ್ಲಿ ಉಳಿದ ಗಾಳಿ ಅಷ್ಟೇ. ಯುಪಿಎಸ್ ಇರೋದು ಆಫೀಸಿನ ಕಂಪ್ಯೂಟರ್‌ಗೆ. ಡಿಹ್ಯುಮಿಡಿಫೈಯರ್ ಕೊಡಿಸಿ ಅಂತ ನಾವೆಲ್ಲ ಸಹಿ ಹಾಕಿ ಕೊಟ್ಟ ಕಾಗದ ಮ್ಯಾನೇಜರ್ ಡ್ರಾಯರ್‌ನಲ್ಲಿ ಇದೆ. ಜೊತೆಗಿದ್ದ ಹುಡುಗ ಮೊಬೈಲ್ ಟಾರ್ಚ್ ಹಿಡಿದ. ನಾನು ಪ್ರೆಷರ್ ಇಳಿಸಿದೆ, ಕಪ್‌ಗೆ ರಿಟಾರ್ಡರ್ ಹನಿಸಿದೆ. ಕೈ ಜೋರು ಮಾಡಿದರೆ ಬಣ್ಣ ಹರಿದುಬಿಡುತ್ತದೆ, ನಿಧಾನ ಮಾಡಿದರೆ ಗಾಳಿ ಮುಗಿಯುತ್ತದೆ. ಗೇಜಿನ ಮುಳ್ಳು ಇಳಿಯುತ್ತಲೇ ಇತ್ತು. ವೃತ್ತದ ಮೇಲೆ ಒಂದು ಪಾಸ್, ಅಂಚಿಗೆ ಇನ್ನೊಂದು. ಹುಡುಗ "ಅಣ್ಣ, ನೀಲಿ ಬರ್ತಾ ಇದೆ" ಅಂದ. ಟಾರ್ಚ್ ಬೆಳಕಿನಲ್ಲಿ ನನಗೆ ಆಗ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ರೆಕ್ಕೆಯ ಕೊನೆಗೆ ತಲುಪುವ ಹೊತ್ತಿಗೆ ಏರ್‌ಬ್ರಶ್ ಉಗುಳೋದು ನಿಲ್ಲಿಸಿತು. ಬಾಕ್ಸ್ ಮುಚ್ಚಿ ಮನೆಗೆ ಹೋದೆ. ರಾತ್ರಿ ನಿದ್ದೆ ಬರಲಿಲ್ಲ.

ಬೆಳಗ್ಗೆ ಹಸಿರು ಹಸಿರಾಗಿಯೇ ಇತ್ತು. ಡಿಕಾಲ್ ಅಂಟಿಸಿದ್ದರೆ ಆ ರಿಟಾರ್ಡರ್‌ಗೆ ಸುಕ್ಕುಗಟ್ಟಿ ಹೋಗುತ್ತಿತ್ತು. ಮಾಸ್ಕ್ ಹಾಕಿ ಬಣ್ಣ ಹೊಡೆದದ್ದು ನಮ್ಮನ್ನು ಉಳಿಸಿತು. ಆಮೇಲಿಂದ ಗೋಡೆಗೆ ಗಾಳಿಯ ತೇವ ಅಳೆಯುವ ಒಂದು ಹೈಗ್ರೋಮೀಟರ್ ನೇತುಹಾಕಿದ್ದೇನೆ, ನನ್ನ ದುಡ್ಡಲ್ಲೇ. ಮುಳ್ಳು ಜಾಸ್ತಿ ತೋರಿಸಿದ ದಿನ ಲ್ಯಾಕರ್ ಡಬ್ಬ ತೆಗೆಯುವುದಿಲ್ಲ, ಯಾರು ಎಷ್ಟು ಅವಸರ ಮಾಡಿದರೂ.

ಡೆಲಿವರಿಗೆ ನಾನೇ ಹೋದೆ. ಹಿರಿಯರು ಮೇಲಿಂದ ನೋಡಲೇ ಇಲ್ಲ. ಕನ್ನಡಕ ಸರಿ ಮಾಡಿಕೊಂಡು ಬಗ್ಗಿ ನೇರ ಕನ್ನಡಿ ನೋಡಿದರು. ಎಡಗಡೆ ಪೆಟ್ಟಿಗೆ, ಬಲಗಡೆ ಪೆಟ್ಟಿಗೆ, ಬೆರಳು ಮಾಡಿ ತೋರಿಸಿದರು. ಆಮೇಲೆ ಬ್ಲೇಡ್ ಎಣಿಸಿದರು, ಜೋರಾಗಿ, ನಾಲ್ಕೂ. ಮೊಮ್ಮಗನನ್ನು ಕರೆದು ಸೂಪರ್‌ಚಾರ್ಜರ್ ಅಂದರೆ ಏನು ಅಂತ ಅಲ್ಲೇ ಪಾಠ ಶುರುಮಾಡಿದರು. ಊಟ ಮಾಡದೆ ಕಳಿಸಲಿಲ್ಲ.

ಇನ್ನು ಆಫೀಸಿನ ವಿಷಯ. ಜಾಬ್ ಕಾರ್ಡ್‌ನಲ್ಲಿ ಮಾರ್ಕ್, ವರ್ಷ, ಸ್ಕ್ವಾಡ್ರನ್, ಫೋಟೋ ಅಂತ ನಾಲ್ಕು ಕಾಲಂ ಸೇರಿಸಿ ಅಂತ ಕೇಳಿದ್ದೇನೆ. ಪ್ರಿಂಟ್ ಮಾಡಿಸಿದ ಹಳೇ ಕಾರ್ಡ್ ಕಟ್ಟು ಇನ್ನೂ ಮುಗಿದಿಲ್ಲವಂತೆ. ನಾನು ಪೆನ್ನಲ್ಲಿ ಬರೆದು ತುಂಬಿಸುತ್ತಿದ್ದೇನೆ. ಗಿರಾಕಿ ಜೊತೆ ಮೊದಲ ಮಾತು ಆಡುವಾಗ ಕೈಕೆಲಸ ಮಾಡುವವನೊಬ್ಬ ಫೋನಿನಲ್ಲಿ ಇರಬೇಕು ಅಂತಲೂ ಕೇಳಿದ್ದೇನೆ. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಈಗ ಟೇಬಲ್‌ಗೆ ಬಂದಿರೋದು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಮಿಸ್ಟೇರ್ ಜೆಟ್ ಯುದ್ಧವಿಮಾನ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋಗಿ, ತಮ್ಮದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರನ್ನು ಬೀಳಿಸಿ, ವಾಪಸ್ ಬಾರದ ನಮ್ಮೂರಿನವರು. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಮಿಸ್ಟೇರ್ ಕಿಟ್‌ಗಳು ಸ್ಪಿಟ್‌ಫೈರ್‌ನಷ್ಟು ಇಲ್ಲ. 1/72ರಲ್ಲಿ ಹೆಲ್ಲರ್‌ನ ಹಳೇ ಕಿಟ್ ಇದೆ, ಅದರಿಂದಲೇ ಶುರು ಮಾಡೋಣ ಅಂದುಕೊಂಡಿದ್ದೇನೆ. ನಮ್ಮ ವಾಯುಪಡೆಯ ಮಿಸ್ಟೇರ್‌ನ ಆ ಕಾಲದ ಫೋಟೋ ನಿಮ್ಮ ಮನೆಯ ಆಲ್ಬಮ್‌ನಲ್ಲಿ ಇದ್ದರೆ ದಯವಿಟ್ಟು ತಿಳಿಸಿ. ರೆಕ್ಕೆಯ ಕೆಳಭಾಗ ಕಾಣುವಂಥದ್ದು ಇದ್ದರಂತೂ ನಾನೇ ಬಂದು ನೋಡಿಕೊಂಡು ಹೋಗುತ್ತೇನೆ.