ಒಬ್ಬರು ಇಳಿದು ಇನ್ನೊಬ್ಬರು ಹತ್ತುವ ನಡುವೆ

ಶಿಕಾಗೋದಿಂದ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಎಮರಿವಿಲ್‌ಗೆ ಹೋಗುವ ಕ್ಯಾಲಿಫೋರ್ನಿಯಾ ಜೆಫಿರ್ ರೈಲಿನಲ್ಲಿ ಎರಡು ರಾತ್ರಿ ಕಳೆಯಬೇಕು. ದಾರಿ ಸುಮಾರು 3,900 ಕಿಲೋಮೀಟರ್. ಎಲ್ಲರೂ ರಾಕಿ ಪರ್ವತ ನೋಡಬೇಕು ಅಂತ ಹತ್ತುತ್ತಾರೆ. ನಾನೂ ಅದಕ್ಕೇ ಹತ್ತಿದ್ದು. ಆದರೆ ಮೊದಲ ಬೆಳಿಗ್ಗೆ ಕಣ್ಣು ಕಿಟಕಿಯ ಕಡೆ ಹೋಗಲೇ ಇಲ್ಲ, ಎದುರಿನ ರೂಮೆಟ್ ಕಡೆಗಿತ್ತು.

ರೂಮೆಟ್ ಅಂದರೆ ಇಬ್ಬರಿಗಾಗುವ ಪುಟ್ಟ ಕೋಣೆ. ಎರಡು ಅಂತಸ್ತಿನ ಸ್ಲೀಪರ್ ಬೋಗಿಯಲ್ಲಿ ಇಂಥವು 14, ಜೊತೆಗೆ ಒಂದಷ್ಟು ದೊಡ್ಡ ಬೆಡ್‌ರೂಮುಗಳು. ಇಷ್ಟನ್ನೂ ನೋಡಿಕೊಳ್ಳಲು ಇದ್ದದ್ದು ಒಬ್ಬರೇ ಅಟೆಂಡೆಂಟ್. ಹಗಲು ಎದುರುಬದುರು ಎರಡು ಸೀಟು. ರಾತ್ರಿ ಅವನ್ನೇ ಎಳೆದು ಕೂಡಿಸಿದರೆ ಕೆಳಗಿನ ಬರ್ತ್. ಅದರ ಹಾಸಿಗೆ ಹಗಲೆಲ್ಲ ಮೇಲಿನ ಬರ್ತ್‌ನಲ್ಲಿರುತ್ತದೆ. ಆ ಬರ್ತನ್ನು ಚಾವಣಿಗೆ ಒತ್ತಿ ಮುಚ್ಚಿಟ್ಟಿರುತ್ತಾರೆ.

ಎದುರಿನ ದಂಪತಿ ಡೆನ್ವರ್‌ನಲ್ಲಿ ಇಳಿಯುವವರು. ಅದೇ ಕೋಣೆಗೆ ಅಲ್ಲೇ ಬೇರೆಯವರು ಹತ್ತಬೇಕು. ಡೆನ್ವರ್‌ನಲ್ಲಿ ರೈಲು ತುಂಬ ಹೊತ್ತು ನಿಲ್ಲುತ್ತಲ್ವಾ, ಆಗ ಕೋಣೆ ಅಣಿಮಾಡಿದರಾಯ್ತು ಅನ್ನಿಸಬಹುದು. ಆಗೋದಿಲ್ಲ. ರೈಲು ನಿಂತ ಕೂಡಲೇ ಅಟೆಂಡೆಂಟ್ ಬಾಗಿಲು ತೆಗೆದು ಪ್ಲಾಟ್‌ಫಾರ್ಮಿನಲ್ಲಿ ನಿಂತಿರಬೇಕು. ಇಳಿಯುವವರ ಸೂಟ್‌ಕೇಸ್, ಹತ್ತುವವರ ಹೆಸರಿನ ಪಟ್ಟಿ, ಎಲ್ಲ ಅವರದ್ದೇ ಜವಾಬ್ದಾರಿ. ಹಾಗಾಗಿ ಕೆಲಸ ಓಡುವ ರೈಲಿನಲ್ಲೇ ಶುರು. ದಂಪತಿ ತಿಂಡಿಗೆ ಡೈನಿಂಗ್ ಕಾರಿಗೆ ಹೋದದ್ದೇ ತಡ, ಆಕೆ ಬಂದರು.

ಒಳಗೆ ನಿಲ್ಲಲು ಜಾಗವೇ ಇಲ್ಲ. ಒಂದು ಕಾಲು ಕಾರಿಡಾರಿನಲ್ಲಿ, ಒಂದು ಮಂಡಿ ಹಾಸಿಗೆ ಮೇಲೆ. ಬಳಸಿದ ಶೀಟು, ದಿಂಬಿನ ಕವರು, ಟವೆಲ್ಲು ಎಲ್ಲ ದೊಡ್ಡ ಚೀಲಕ್ಕೆ. ಕಿಟಕಿ ಕಡೆಯ ಮೂಲೆ ಕೈಗೆ ಎಟುಕದು. ಅಲ್ಲಿ ಹೊಸ ಶೀಟು ಸಿಕ್ಕಿಸಲು ಮೈಪೂರ್ತಿ ಚಾಚಿ, ರೈಲು ತಿರುವಿನಲ್ಲಿ ವಾಲಿದಾಗ ತಲೆ ಮೇಲಿನ ಬರ್ತ್‌ಗೆ ಬಡಿಯದಂತೆ ಇನ್ನೊಂದು ಕೈ ಅಡ್ಡ ಇಟ್ಟರು. ಹಾಸಿಗೆ ಮೇಲೇರಿತು, ಸೀಟುಗಳು ಬೇರೆಯಾದವು. ಆಮೇಲೆ ಸೀಟಿನ ಸಂದಿಗೆ ಬೆರಳು ಹಾಕಿ ಒಂದು ಕನ್ನಡಕ ಹೊರತೆಗೆದು, "ಯಾವಾಗಲೂ ಇಲ್ಲೇ ಬೀಳೋದು" ಅಂದರು. ಮದುವೆ ಮನೆಯಲ್ಲಿ ಎಲೆ ಎತ್ತಿ ಮುಂದಿನ ಪಂಕ್ತಿಗೆ ಅಣಿಮಾಡುವ ವೇಗ ಆ ಕೈಗಳಲ್ಲಿತ್ತು.

ಇದು ಹಳೆಯ ಕಸುಬು. ಹಿಂದೆ ಸ್ಲೀಪರ್ ಬೋಗಿಗಳನ್ನು ನಡೆಸುತ್ತಿದ್ದ ಪುಲ್‌ಮನ್ ಕಂಪನಿಯ ಕಾಲದಲ್ಲಿ ಈ ಕೆಲಸ ಮಾಡುತ್ತಿದ್ದವರಲ್ಲಿ ಹೆಚ್ಚಿನವರು ಕಪ್ಪು ಜನ. ನಿದ್ದೆ ಕಡಿಮೆ, ಸಂಬಳ ಕಡಿಮೆ. ಎ. ಫಿಲಿಪ್ ರಾಂಡಾಲ್ಫ್ ಮುಂದಾಳತ್ವದಲ್ಲಿ 1925ರಲ್ಲಿ ಅವರು ಸಂಘ ಕಟ್ಟಿದರು. ಕಂಪನಿ ಒಪ್ಪಂದಕ್ಕೆ ಬಂದದ್ದು 1937ರಲ್ಲಿ.

ಡೆನ್ವರ್ ದಾಟಿದ ಮೇಲೆ ರೈಲು ಬೆಟ್ಟ ಹತ್ತಿತು. ಸುಮಾರು 10 ಕಿಲೋಮೀಟರ್ ಉದ್ದದ ಮೊಫ್ಯಾಟ್ ಸುರಂಗ, ಆಚೆಗೆ ಕೊಲರಾಡೊ ನದಿ. ಚೆನ್ನಾಗಿತ್ತು, ಫೋಟೊಗಳಲ್ಲಿ ನೋಡಿದ ಹಾಗೇ. ಅಟೆಂಡೆಂಟ್ ಆಗಲೇ ಸಾಲ್ಟ್ ಲೇಕ್ ಸಿಟಿಯಲ್ಲಿ ಹತ್ತುವವರ ಪಟ್ಟಿ ನೋಡುತ್ತಿದ್ದರು. ಅಲ್ಲಿ ರೈಲು ಸೇರುವಾಗ ಮಲಗುವ ಹೊತ್ತು ಮೀರಿರುತ್ತದೆ. ಹತ್ತುವವರಿಗೆ ಸೀಟು ಬೇಡ, ಹಾಸಿಗೆಯೇ ಬೇಕು. ಅಕ್ಕಪಕ್ಕದವರು ಮಲಗಿರುತ್ತಾರೆ, ಬರ್ತ್ ಇಳಿಸುವಾಗ ಸದ್ದಾಗಬಾರದು. ಅದಕ್ಕೇ ಅವರಿಗಾಗಿ ಖಾಲಿಯಿದ್ದ ಕೋಣೆಗೆ ಊಟದ ಹೊತ್ತಿನಲ್ಲೇ ಹಾಸಿಗೆ ಹಾಕಿ, ಪರದೆ ಎಳೆದಿಟ್ಟರು.